ಅಪ್ಪನ ಪಾರ್ಕಿನ್ಸನ್‌ಗೆ ನಾಲ್ಕು ಅಳತೆಗೋಲು: ನಮ್ಮ ಮನೆಯಲ್ಲಿ ಯಾವುದು ಕೆಲಸಕ್ಕೆ ಬಂತು?

ಅಪ್ಪನಿಗೆ ಪಾರ್ಕಿನ್ಸನ್ ಶುರುವಾಗಿ ಆರು ವರ್ಷ. ಎರಡು ವರ್ಷದಿಂದ ಡಾಕ್ಟರ ಚೀಟಿಯಲ್ಲಿ ಒಂದೇ ಸಾಲು: 'ಹೋನ್ ಅಂಡ್ ಯಾರ್ 2'. ಅದೇ ಎರಡು ವರ್ಷದಲ್ಲಿ ಅಪ್ಪನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದ ಹಾಗಾಯಿತು. ಹಾಗಿದ್ದರೆ ಆ 2 ಏನನ್ನು ಅಳೆಯುತ್ತಿದೆ ಅನ್ನಿಸಿತು. ಉಳಿದ ಅಳತೆಗಳನ್ನೂ ತಿಳಿದುಕೊಂಡು, ಅಪ್ಪ ಅಮ್ಮನ ಜೊತೆ ಕೂತು ತುಂಬಿ ನೋಡಿದೆ.

ಹೋನ್ ಅಂಡ್ ಯಾರ್ ಅಂದರೆ ಕಾಯಿಲೆ ಯಾವ ಹಂತದಲ್ಲಿದೆ ಅಂತ ಹೇಳುವ ಅಳತೆ, 1967ರದ್ದು. ಮೈಯ ಒಂದೇ ಕಡೆ ತೊಂದರೆಯಿದ್ದರೆ 1, ಎರಡೂ ಕಡೆ ಬಂದರೆ 2, ಬ್ಯಾಲೆನ್ಸ್ ತಪ್ಪತೊಡಗಿದರೆ 3. ಬೇರೆಯವರ ಸಹಾಯವಿಲ್ಲದೆ ಗಾಲಿಕುರ್ಚಿ, ಹಾಸಿಗೆ ಬಿಟ್ಟು ಏಳಲಾಗದಿದ್ದರೆ 5. ಒಂದೇ ನಿಮಿಷದ ಕೆಲಸ. ಆದರೆ ಗುಂಡಿ, ಊಟ, ನಿದ್ದೆ ಯಾವುದೂ ಇದರ ಲೆಕ್ಕಕ್ಕೆ ಬರುವುದಿಲ್ಲ.

ಶ್ವಾಬ್ ಅಂಡ್ ಇಂಗ್ಲೆಂಡ್ ಅನ್ನುವ ಅಳತೆ, ದಿನನಿತ್ಯದ ಕೆಲಸ ಎಷ್ಟು ತಾವೇ ಮಾಡಿಕೊಳ್ಳುತ್ತಾರೆ ಅನ್ನುವುದನ್ನು ಶೇಕಡಾದಲ್ಲಿ ಹೇಳುತ್ತದೆ. 100 ಅಂದರೆ ಎಲ್ಲ ಕೆಲಸ ತಾವೇ ಸಲೀಸಾಗಿ ಮಾಡಿಕೊಳ್ಳುತ್ತಾರೆ. 80 ಅಂದರೆ ಹೆಚ್ಚಿನ ಕೆಲಸ ತಾವೇ, ಆದರೆ ಎರಡರಷ್ಟು ಹೊತ್ತು. ಅಪ್ಪ "90 ಹಾಕು" ಅಂದರು. ಅಡುಗೆಮನೆಯಿಂದ ಅಮ್ಮ, "ಬೆಳಿಗ್ಗೆ ಮಾತ್ರೆಗೆ ಮುಂಚೆ 60, ಆಮೇಲೆ 80" ಅಂದರು. ಅಮ್ಮನದೇ ಸರಿ. ಒಂದು ಎಚ್ಚರ: ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಕಾರ್ಡಿನ ಶೇ 40ಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಅಂಕಿ ಏರಿದಷ್ಟೂ ಅಂಗವೈಕಲ್ಯ ಜಾಸ್ತಿ, ಇಲ್ಲಿ ಏರಿದಷ್ಟೂ ಒಳ್ಳೆಯದು.

ಎಂಡಿಎಸ್-ಯುಪಿಡಿಆರ್‌ಎಸ್ ಪಾರ್ಕಿನ್ಸನ್‌ನ ವಿವರವಾದ ಅಳತೆ, 2008ರದ್ದು. ನಾಲ್ಕು ಭಾಗ, ಒಂದೊಂದು ಪ್ರಶ್ನೆಗೂ 0ರಿಂದ 4 ಅಂಕ, ಏರಿದಷ್ಟೂ ತೊಂದರೆ ಜಾಸ್ತಿ. ಮೂರನೇ ಭಾಗ ಡಾಕ್ಟರೇ ಮಾಡಬೇಕು. ಹೆಬ್ಬೆರಳಿಗೆ ತೋರುಬೆರಳನ್ನು ಹತ್ತು ಸಲ ಬೇಗಬೇಗ ತಟ್ಟಿಸುತ್ತಾರೆ, ಹಿಂದೆ ನಿಂತು ಭುಜ ಹಿಡಿದು ಎಳೆಯುತ್ತಾರೆ. ಇದನ್ನು ಮನೆಯಲ್ಲಿ ಸುಮ್ನೆ ಮಾಡಿ ನೋಡಬೇಡಿ, ಬಿದ್ದುಬಿಡುತ್ತಾರೆ. ನಮ್ಮ ಸರದಿ ಯಾವಾಗಲೂ ಹನ್ನೊಂದು ಗಂಟೆಗೆ. ಮಾತ್ರೆ ಚೆನ್ನಾಗಿ ಹಿಡಿದಿರುವ ಹೊತ್ತು ಅದು. ಬೆಳಗಿನ ಆರು ಗಂಟೆಯ ಅಪ್ಪನನ್ನು ಡಾಕ್ಟರು ನೋಡಿದ್ದೇ ಇಲ್ಲ.

ನಮಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಇದರ ಎರಡನೇ ಭಾಗ. ಹಿಂದಿನ ಒಂದು ವಾರದ ಬಗ್ಗೆ 13 ಪ್ರಶ್ನೆ: ಮಾತು, ಜೊಲ್ಲು, ನುಂಗುವುದು, ಬಟ್ಟೆ, ಕೈಬರಹ, ಹಾಸಿಗೆಯಲ್ಲಿ ಮಗ್ಗಲು ಬದಲಿಸುವುದು, ನಡೆಯುವಾಗ ಕಾಲು ನೆಲಕ್ಕೆ ಅಂಟಿದ ಹಾಗಾಗುವುದು. ಒಂದು ಕೊರತೆ ಇದೆ. ಕುರ್ಚಿಯಿಂದ ಏಳುವುದನ್ನು ಕೇಳುತ್ತದೆ, ನೆಲದಿಂದ ಏಳುವುದನ್ನು ಕೇಳುವುದಿಲ್ಲ. ಅಪ್ಪ ಪೂಜೆಗೆ ಕೂರುವುದು ನೆಲದ ಮೇಲೆ ಅಲ್ವಾ? ಅದನ್ನು ಪಕ್ಕದಲ್ಲಿ ನಾವೇ ಬರೆದಿಡುತ್ತೇವೆ.

ಪಿಡಿಕ್ಯೂ-39 ಕಾಯಿಲೆಯವರ ಬದುಕು ಹೇಗಿದೆ ಅಂತ ಅವರನ್ನೇ ಕೇಳುವ ಪ್ರಶ್ನೆಪಟ್ಟಿ, ಮನಸ್ಸನ್ನೂ ಮುಟ್ಟುತ್ತದೆ. ನಾಲ್ಕು ಜನರ ಮುಂದೆ ತಿನ್ನುವುದನ್ನು ತಪ್ಪಿಸಿಕೊಳ್ಳುತ್ತೀರಾ ಅನ್ನುವ ಪ್ರಶ್ನೆಗೆ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ 'ಯಾವಾಗಲೂ' ಅನ್ನುವುದರ ಮೇಲೆ ಬೆರಳಿಟ್ಟರು. ಅವರು ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟದ್ದು ಮಂಡಿನೋವಿಗೆ ಅಂತ ನಾವೆಲ್ಲ ನಂಬಿದ್ದೆವು. ಪಂಕ್ತಿಯಲ್ಲಿ ಕೂತಾಗ ಕೈ ನಡುಗಿ ಎಲೆಯಾಚೆ ಸಾರು ಚೆಲ್ಲುತ್ತದೆ ಅನ್ನುವ ಭಯ ಅದು. ಈ 39 ಪ್ರಶ್ನೆ ವರ್ಷಕ್ಕೊಮ್ಮೆ ಸಾಕು, ಪದೇ ಪದೇ ಕೇಳಿದರೆ ಅವರಿಗೆ ನೋವಾಗುತ್ತದೆ.

ಈಗ ಮೂರು ತಿಂಗಳಿಗೊಮ್ಮೆ ಎರಡನೇ ಭಾಗ ತುಂಬುತ್ತೇವೆ. ಜೊತೆಗೆ ಶ್ವಾಬ್ ಅಂಡ್ ಇಂಗ್ಲೆಂಡ್‌ನ ಎರಡು ಅಂಕಿ, ಮಾತ್ರೆಗೆ ಮುಂಚಿನದು ಮತ್ತು ಆಮೇಲಿನದು. ಕಳೆದ ಸಲ ಮಗ್ಗಲು ಬದಲಿಸುವ ಪ್ರಶ್ನೆಗೆ 3 ಬಂದಿತ್ತು. ಅದನ್ನು ನೋಡಿದ ಡಾಕ್ಟರು ರಾತ್ರಿಯ ಮಾತ್ರೆ ಬದಲಿಸಿದರು. ಈಗ ಅಪ್ಪ ಮಗ್ಗಲು ಬದಲಿಸಲು ಅಮ್ಮನನ್ನು ಎಬ್ಬಿಸುವುದು ರಾತ್ರಿಗೆ ಒಂದೇ ಸಲ.