ಮೈಸೂರಿನಲ್ಲಿ ಹವಳ ಸಾಕುವುದು: ಕಡಲ ನೀರಾ, ಉಪ್ಪಿನ ಪುಡಿಯಾ? ಫ್ಯಾನಾ, ಚಿಲ್ಲರಾ?

ಕುವೆಂಪುನಗರದ ನಮ್ಮ ಮನೆಯ ಹಾಲ್‌ನಲ್ಲಿ ಎರಡು ಉಪ್ಪುನೀರಿನ ಟ್ಯಾಂಕ್ ಇವೆ. ಒಂದು ಮೇಜಿನ ಮೇಲೆ ಕೂರುವಂಥದ್ದು, 40 ಲೀಟರ್. ಇನ್ನೊಂದು ಮೂರಡಿ ಉದ್ದದ್ದು, ಕೆಳಗಿನ ಫಿಲ್ಟರ್ ತೊಟ್ಟಿಯೂ ಸೇರಿ ಸುಮಾರು 200 ಲೀಟರ್ ಹಿಡಿಯುತ್ತದೆ. ಮಂಡ್ಯದಲ್ಲಿರುವ ನನ್ನ ಭಾವಮೈದನಿಗೆ ಈಗ ಇದೇ ಹುಚ್ಚು ಹಿಡಿದಿದೆ. "ಭಾವ, ಯಾವುದು ತಗೊಳ್ಳಲಿ ಅಷ್ಟು ಹೇಳಿ, ಪಾಠ ಬೇಡ" ಅಂತಾನೆ. ಪಾಠ ಸ್ವಲ್ಪ ಇದ್ದೇ ಇರುತ್ತದೆ.

ಮೊದಲು ಕಾನೂನು. ಬಂಡೆ ಕಟ್ಟುವ ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಕಪ್ಪು ಹವಳ, ಬೆಂಕಿ ಹವಳ, ಸೀ ಫ್ಯಾನ್ ಕೂಡ ಅಲ್ಲೇ ಬರುತ್ತವೆ. ಹಾಗಾಗಿ ಹೊರದೇಶದವರ ವಿಡಿಯೋ ನೋಡಿ ಕೊಂಬೆ ಕೊಂಬೆಯ ಹವಳಕ್ಕೆ ಆಸೆ ಪಡಬೇಡಿ. ನನ್ನ ಹತ್ತಿರ ಇರುವುದೆಲ್ಲ ಮೆದು ಹವಳ: ಮಶ್ರೂಮ್, ಝೋಆಂಥಿಡ್, ಲೆದರ್, ಝೀನಿಯಾ. ಯಾವುದನ್ನು ಕೊಂಡರೂ ಹೆಸರು ಬರೆದ ಬಿಲ್ ಕೇಳಿ ಪಡೆಯಿರಿ. ಸಮುದ್ರದಿಂದ ಕಿತ್ತು ತಂದ 'ಲೈವ್ ರಾಕ್', ಅಂದರೆ ಜೀವಿಗಳು ಅಂಟಿದ ಕಲ್ಲು ಸಹ ಬೇಡ. ಅದು ಬಹುಪಾಲು ಹಳೇ ಹವಳದ ಅಸ್ಥಿಯೇ.

ಈಗ ನೀರು. ದೊಡ್ಡ ಟ್ಯಾಂಕಿಗೆ ಶುರುವಿನಲ್ಲಿ ಕಡಲ ನೀರನ್ನೇ ತಂದು ಹಾಕುತ್ತಿದ್ದೆ. ಚಿಕ್ಕದಕ್ಕೆ ಮೊದಲಿನಿಂದಲೂ ರೀಫ್ ಸಾಲ್ಟ್, ಅಂದರೆ ಸಿಹಿನೀರಿಗೆ ಕಲಸಿ ಕಡಲ ನೀರು ಮಾಡುವ ಪುಡಿ. ಕಡಲ ನೀರಿನ ಗುಣದ ಬಗ್ಗೆ ಎರಡು ಮಾತಿಲ್ಲ. ಲೀಟರಿಗೆ ಕ್ಯಾಲ್ಸಿಯಂ 410 ಮಿಲಿಗ್ರಾಂ ಆಸುಪಾಸು, ಮೆಗ್ನೀಸಿಯಂ 1,300 ಮಿಲಿಗ್ರಾಂ ಹತ್ತಿರ, ಉಪ್ಪು ಸುಮಾರು 35 ಗ್ರಾಂ, ಎಲ್ಲ ತಾನಾಗೇ ಸರಿ ಇರುತ್ತದೆ. ಲೆದರ್ ಹವಳವಂತೂ ಆ ನೀರು ಬಿದ್ದ ಮಾರನೇ ದಿನವೇ ಕೈ ಅಗಲಿಸಿಕೊಂಡು ನಿಲ್ಲುತ್ತಿತ್ತು. ಮಶ್ರೂಮ್‌ಗೆ ಮಾತ್ರ ಎರಡೂ ಒಂದೇ.

ಆದರೆ ಕಡಲು ಇರುವುದು ಎಲ್ಲಿ? ಮಡಿಕೇರಿ, ಸಂಪಾಜೆ ದಾಟಿ 250 ಕಿಲೋಮೀಟರ್ ಆಚೆ. 20 ಲೀಟರಿನ ಕ್ಯಾನ್ ಒಂದಕ್ಕೆ 20 ಕೆಜಿಗೂ ಜಾಸ್ತಿ ಭಾರ. ಉಳ್ಳಾಲದ ಹತ್ತಿರ ನೇತ್ರಾವತಿ ಸೇರುತ್ತದೆ, ಪಣಂಬೂರಿನಲ್ಲಿ ಬಂದರು. ಎರಡೂ ಕಡೆ ತುಂಬಿಸಲು ಮನಸ್ಸಾಗುವುದಿಲ್ಲ, ಕಾಪು ಕಡೆಗೆ ಹೋಗಬೇಕು. ಮಳೆಗಾಲದಲ್ಲಿ ದಡದ ನೀರಿಗೆ ಹೊಳೆ ನೀರು ಬೆರೆತು ಉಪ್ಪು ಇಳಿಯುತ್ತದೆ, ಮಣ್ಣು ಬೇರೆ. ಅಂದರೆ ವರ್ಷದಲ್ಲಿ ನಾಲ್ಕೈದು ತಿಂಗಳು ಆ ದಾರಿ ಮುಚ್ಚಿದ ಹಾಗೇ. ರಾತ್ರಿ ಹತ್ತು ಗಂಟೆಗೆ ಮೀನು ಸತ್ತು ವಿಷಕಾರಿ ಅಮೋನಿಯಾ ಏರಿದರೆ ತಕ್ಷಣ ನೀರು ಬದಲಿಸಬೇಕು, ಆಗ ಕಾಪುವಿಗೆ ಓಡೋಕಾಗುತ್ತಾ? ಪುಡಿ ಗೆದ್ದಿದ್ದು ಇಲ್ಲೇ. ಡಬ್ಬ ಮನೆಯಲ್ಲೇ ಇರುತ್ತದೆ. ಬಕೆಟ್ಟಿನಲ್ಲಿ ಸಣ್ಣ ಪಂಪ್ ಇಟ್ಟು ಒಂದು ದಿನ ಕಲಕಿದರೆ ನೀರು ತಯಾರು. ಈಗ ಎರಡಕ್ಕೂ ಪುಡಿಯೇ. ಅಡುಗೆ ಉಪ್ಪು, ಕಲ್ಲುಪ್ಪು ನಡೆಯಲ್ಲ. ಅದರಲ್ಲಿ ಹೆಚ್ಚೂಕಡಿಮೆ ಸೋಡಿಯಂ ಕ್ಲೋರೈಡ್ ಬಿಟ್ಟು ಬೇರೇನಿಲ್ಲ.

ಪುಡಿ ಕಲಸುವ ನೀರು ಹೇಗಿರಬೇಕು ಅನ್ನುವುದು ಪುಡಿಯ ಬ್ರ್ಯಾಂಡಿಗಿಂತ ಮುಖ್ಯ. ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ಆದರೆ ಗಡಸು. ಅಡುಗೆಮನೆಯ ಆರ್‌ಒ ಸಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸಾಲದು. ಕುಡಿಯಲು ರುಚಿ ಇರಲಿ ಅಂತ ಅಂಥ ಬಹಳಷ್ಟು ಮಿಷನ್‌ಗಳು ಸ್ವಲ್ಪ ಹಸಿ ನೀರನ್ನೋ ಖನಿಜವನ್ನೋ ವಾಪಸ್ ಸೇರಿಸುತ್ತವೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ, ಸೊನ್ನೆ ತೋರಿಸುವುದಿಲ್ಲ. ಉಳಿದ ಲವಣವನ್ನೂ ಹೀರಿಕೊಳ್ಳುವ ಡಿಐ ರೆಸಿನ್ ಕೊಳವೆಯೊಂದನ್ನು ಹಿಂದೆ ಜೋಡಿಸಿದ ಆರ್‌ಒ ಬೇಕು. ಇಲ್ಲದಿದ್ದರೆ ಸಿಲಿಕೇಟ್, ಫಾಸ್ಫೇಟ್ ಉಳಿದು ಮರಳಿನ ಮೇಲೆ ಕಂದು ಪಾಚಿ ಹೊದಿಕೆ ಬೀಳುತ್ತದೆ.

ಇನ್ನು ಸೆಖೆ. ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಪರೀಕ್ಷೆ ಇದು. ಹವಳಕ್ಕೆ 25-26 ಡಿಗ್ರಿ ಹಿತ. 30 ದಾಟಿ ಹಾಗೇ ನಿಂತರೆ ತನ್ನ ಮೈಯೊಳಗಿನ ಪಾಚಿಯನ್ನು ಉಗುಳಿ ಬಿಳಿಚಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಹಾಲ್ ಪಶ್ಚಿಮದ ಬಿಸಿಲಿಗೆ ಕಾದು, ಏನೂ ಮಾಡದಿದ್ದರೆ ಟ್ಯಾಂಕಿನ ನೀರು 31ಕ್ಕೆ ಹೋಗುತ್ತದೆ. ಒಂದು ಬೇಸಿಗೆ ನೀರು ತಣ್ಣಗೆ ಮಾಡುವ ಮಿಷನ್, ಅಂದರೆ ಚಿಲ್ಲರ್ ಇಟ್ಟೆ, ಇನ್ನೊಂದು ಬೇಸಿಗೆ ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್.

ಚಿಲ್ಲರ್ 25 ಅಂದರೆ 25ಕ್ಕೇ ನಿಲ್ಲಿಸುತ್ತದೆ. ಅದಕ್ಕೆ ಸಂಶಯವಿಲ್ಲ. ಆದರೆ ಟ್ಯಾಂಕಿಗಿಂತ ದುಬಾರಿ. ತೆಗೆದ ಬಿಸಿಯನ್ನೆಲ್ಲ ಅದೇ ಹಾಲ್‌ಗೆ ಊದುತ್ತದೆ. ಸದ್ದಿಗೆ ಅಮ್ಮ ಟಿವಿಯ ವಾಲ್ಯೂಮ್ ಏರಿಸುತ್ತಿದ್ದರು. ಫ್ಯಾನ್ ತಿನ್ನುವುದು ನಾಲ್ಕೈದು ವ್ಯಾಟ್. ಒಂದು ಲೀಟರ್ ನೀರು ಆವಿಯಾದರೆ ಸುಮಾರು ಮುಕ್ಕಾಲು ಯೂನಿಟ್ ಕರೆಂಟಿನಷ್ಟು ಶಾಖ ಹೊತ್ತೊಯ್ಯುತ್ತದೆ, ಅದೂ ಪುಕ್ಕಟೆ. ನಮ್ಮ ಬೇಸಿಗೆ ಗಾಳಿ ಒಣಗಾಳಿ. ಅದಕ್ಕೇ ಫ್ಯಾನ್ ಒಂದರಲ್ಲೇ ನೀರು 27ರ ಆಸುಪಾಸಿಗೆ ಇಳಿಯಿತು. ಮಂಗಳೂರಿನ ಸ್ನೇಹಿತರು ನಂಬಲಿಲ್ಲ. ಅಲ್ಲಿ ಸೆಖೆಯ ಜೊತೆಗೇ ತೇವವೂ ಇರುವುದರಿಂದ ಫ್ಯಾನ್ ಸುಮ್ನೆ ತಿರುಗುತ್ತದೆ. ಇಲ್ಲಿ ಗಾಳಿ ತೇವವಾಗುವುದು ಜೂನ್ ಮೇಲೆ, ಆಗ ಸೆಖೆಯೇ ಇರುವುದಿಲ್ಲ. ಫ್ಯಾನ್ ಕೈಕೊಡುವ ಕಾಲದಲ್ಲಿ ಫ್ಯಾನ್ ಬೇಕಾಗಿಯೇ ಇಲ್ಲ! ಚಿಲ್ಲರನ್ನು ಮಾರಿಬಿಟ್ಟೆ. ಆದರೆ ಹೀಟರ್ ಮರೆಯಬೇಡಿ. ಡಿಸೆಂಬರ್-ಜನವರಿಯ ರಾತ್ರಿ ಇಲ್ಲಿ 16-17 ಡಿಗ್ರಿಗೆ ಇಳಿಯುತ್ತದೆ.

ಫ್ಯಾನಿಗೆ ಒಂದು ಬೆಲೆ ಇದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. 40 ಲೀಟರಿನಿಂದ ಒಂದೂವರೆ ಲೀಟರ್ ಹೋದರೆ ಉಪ್ಪು 35ರಿಂದ 36.4ಕ್ಕೆ ಏರುತ್ತದೆ. ದೊಡ್ಡದರಲ್ಲಿ ನಾಲ್ಕು ಲೀಟರ್ ಹೋದರೂ 35.7. ಚಿಕ್ಕ ಟ್ಯಾಂಕ್ ಅಗ್ಗ, ಮುದ್ದಾಗಿದೆ, ಎಲ್ಲ ನಿಜ. ಆದರೆ ಅದು ಒಲೆಯ ಮೇಲಿಟ್ಟ ಹಾಲಿನ ಹಾಗೆ, ಬಿಟ್ಟು ಊರಿಗೆ ಹೋಗುವ ಹಾಗಿಲ್ಲ. ಮೂರಡಿಯದಕ್ಕೆ ನೀರಿನ ಮಟ್ಟ ಇಳಿದಾಗ ಪಂಪ್ ಚಾಲೂ ಮಾಡುವ ಫ್ಲೋಟ್ ಸ್ವಿಚ್ ಹಾಕಿ ಪಕ್ಕದಲ್ಲಿ ಸಿಹಿನೀರಿನ ಕ್ಯಾನ್ ಇಟ್ಟರೆ ತಾನೇ ತುಂಬಿಕೊಳ್ಳುತ್ತದೆ. ಜಾಗ ಇದ್ದರೆ ನನ್ನ ಓಟು ಮೂರಡಿಗೇ.

ಕಲ್ಲಿನ ವಿಷಯ ಬೇಗ ಮುಗಿಯುತ್ತದೆ. ಲೈವ್ ರಾಕ್ ಬದಲು ಸಣ್ಣ ತೂತುಗಳಿರುವ ಸೆರಾಮಿಕ್ ಕಲ್ಲು, ಅಮೋನಿಯಾ ಕರಗಿಸುವ ಬಾಟಲಿ ಬ್ಯಾಕ್ಟೀರಿಯಾ, ಅದು ನೆಲೆಯೂರಲು ನಾಲ್ಕರಿಂದ ಆರು ವಾರದ ತಾಳ್ಮೆ. ಚಾಮುಂಡಿ ಬೆಟ್ಟದ ಬಂಡೆ ಚೂರು ಹಾಕಬಹುದಲ್ಲ ಅಂತ ಪಕ್ಕದ ಮನೆಯವರ ಸಲಹೆ. ಅದು ಗ್ರಾನೈಟ್, ತೂತೇ ಇಲ್ಲ, ಬ್ಯಾಕ್ಟೀರಿಯಾ ಕೂರುವುದೆಲ್ಲಿ? ಲೈಟ್ ಕೂಡ ಅಷ್ಟೇ. ಮೆದು ಹವಳಕ್ಕೆ ನೀಲಿ ಜಾಸ್ತಿ ಇರುವ ಸಾಧಾರಣ ರೀಫ್ ಎಲ್‌ಇಡಿ ಸಾಕು. ದುಬಾರಿ ಲೈಟಿನಲ್ಲಿ ಬಣ್ಣ ಚೆನ್ನಾಗಿ ಕಂಡಿತು, ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಂದು ಎಚ್ಚರಿಕೆ: ಕೆಲವು ಝೋಆಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಾರೀ ವಿಷ ಇರುತ್ತದೆ. ಗ್ಲೌಸ್, ಕನ್ನಡಕ ಇಲ್ಲದೆ ಕತ್ತರಿಸಬೇಡಿ. ಅವು ಅಂಟಿದ ಕಲ್ಲನ್ನು ಬಿಸಿನೀರಲ್ಲಿ ಕುದಿಸಲೇಬೇಡಿ, ಆವಿಯೇ ಆಸ್ಪತ್ರೆ ಸೇರಿಸುತ್ತದೆ.

ಭಾವಮೈದನ ಮನೆಗೆ ಬೋರ್‌ವೆಲ್ ನೀರು. ಅಷ್ಟು ಗಡಸು ನೀರಿಗೆ ರೆಸಿನ್ ಬೇಗ ಖಾಲಿಯಾಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ತಾರಸಿ ನೀರು ಹಿಡಿದು ಆರ್‌ಒಗೆ ಬಿಡು ಅಂದೆ. ಚಿಲ್ಲರಿಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಯುಪಿಎಸ್ ಬ್ಯಾಟರಿ ದೊಡ್ಡದು ತಗೋ ಅಂತಲೂ ಹೇಳಿದ್ದೇನೆ. ಕರೆಂಟ್ ಹೋದಾಗ ಲೈಟ್ ಆರಿದರೆ ಹವಳಕ್ಕೆ ಏನೂ ಆಗುವುದಿಲ್ಲ. ನೀರು ಕಲಕುವ ಪಂಪ್ ನಿಂತರೆ ಆಮ್ಲಜನಕ ಇಳಿದು ಮೊದಲು ಮೀನು ಹೋಗುತ್ತವೆ. ಆ ಪಂಪ್ ಒಂದು ಬ್ಯಾಟರಿಯ ಮೇಲೆ ಓಡಿದರೆ ಸಾಕು.