ಮೂರು ವರ್ಷ, ನಾಲ್ಕು ಬಾಟಲಿ: ನಾಬ್ ಕ್ರೀಕ್ 9 ವರ್ಷದ ಸ್ಮಾಲ್ ಬ್ಯಾಚ್ ಬರ್ಬನ್

ನಾಬ್ ಕ್ರೀಕ್ ವಿಸ್ಕಿಯ ಮೊದಲ ಬಾಟಲಿಯನ್ನು ಕೊಂಡು ಮೂರು ವರ್ಷವಾಯಿತು. ಈಗ ನಾಲ್ಕನೆಯದು ಅರ್ಧಕ್ಕಿಳಿದಿದೆ. ವಿಸ್ಕಿಯ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಬಿರಡೆ ತೆಗೆದ ಸಂಜೆಯೇ ತೀರ್ಪು ಕೊಟ್ಟುಬಿಡುತ್ತಾರೆ. ಬಾಟಲಿ ತಳ ಕಾಣುವ ಹೊತ್ತಿಗೆ ಅದು ಹೇಗಿತ್ತು, ಅಷ್ಟೇ ಹಣ ಕೊಟ್ಟು ಮತ್ತೊಮ್ಮೆ ಕೊಳ್ಳಬೇಕೆನ್ನಿಸಿತೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಪ್ರತಿ ಬಾಟಲಿಗೂ ಕಾಗದದ ಚೂರೊಂದನ್ನು ಅಂಟಿಸಿ, ತೆರೆದ ದಿನಾಂಕವನ್ನೂ ಆಗಾಗ ಕಂಡ ರುಚಿಯನ್ನೂ ಗುರುತು ಹಾಕುತ್ತ ಬಂದಿದ್ದರಿಂದ ಈ ವಿಮರ್ಶೆ ಬರೆಯಲು ನನಗೆ ಧೈರ್ಯ ಬಂದಿದೆ.

ಮೊದಲು ‘ಸ್ಮಾಲ್ ಬ್ಯಾಚ್’, ಅಂದರೆ ಕೆಲವೇ ಪೀಪಾಯಿಗಳನ್ನು ಬೆರೆಸಿ ತುಂಬಿದ್ದು, ಎಂಬ ಮಾತನ್ನು ಇತ್ಯರ್ಥ ಮಾಡಿಕೊಳ್ಳಬೇಕು. ಬರ್ಬನ್ ಎನಿಸಿಕೊಳ್ಳುವ ವಿಸ್ಕಿಯ ಧಾನ್ಯದಲ್ಲಿ ಕನಿಷ್ಠ ಶೇ. 51ರಷ್ಟು ಮೆಕ್ಕೆಜೋಳ ಇರಬೇಕು, ಅದನ್ನು ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಮಾಗಿಸಬೇಕು, ಪೀಪಾಯಿಗೆ ತುಂಬುವಾಗ ಆಲ್ಕೋಹಾಲ್ ಶೇ. 62.5 ಮೀರಬಾರದು, ಬಾಟಲಿಯಲ್ಲಿ ಶೇ. 40ಕ್ಕಿಂತ ಕಡಿಮೆ ಇರಬಾರದು ಎಂದೆಲ್ಲ ಕಟ್ಟುನಿಟ್ಟಾಗಿ ವಿಧಿಸುವ ಅಮೆರಿಕದ ನಿಯಮಾವಳಿ, ಸ್ಮಾಲ್ ಬ್ಯಾಚ್ ಎಂದರೆ ಎಷ್ಟು ಪೀಪಾಯಿ ಎಂಬ ವಿಷಯದಲ್ಲಿ ಮಾತ್ರ ತುಟಿ ಬಿಚ್ಚುವುದಿಲ್ಲ. ಹತ್ತು ಪೀಪಾಯಿ ಬೆರೆಸಿದವರೂ ಆ ಪದವನ್ನು ಲೇಬಲ್ಲಿನಲ್ಲಿ ಹಾಕಿಕೊಳ್ಳಬಹುದು, ಮುನ್ನೂರು ಬೆರೆಸಿದವರೂ ಹಾಕಿಕೊಳ್ಳಬಹುದು. ಈ ಪದವನ್ನೇ ನಂಬಿ ನಾನೊಮ್ಮೆ ಬೇರೊಂದು ಕಂಪನಿಯ ಬಾಟಲಿಯನ್ನು ದುಬಾರಿ ಬೆಲೆಗೆ ತಂದು, ತೆಳ್ಳಗಿನ ಸಿಹಿನೀರಿನಂತಿದ್ದ ಅದನ್ನು ಖಾಲಿ ಮಾಡಲು ವರ್ಷವಿಡೀ ಒದ್ದಾಡಿದ್ದೇನೆ. ಅಂದಿನಿಂದ ಲೇಬಲ್ಲಿನಲ್ಲಿ ನಾನು ನೋಡುವುದು ಎರಡನ್ನೇ: ವಯಸ್ಸು ಮತ್ತು ಆಲ್ಕೋಹಾಲಿನ ಪ್ರಮಾಣ.

ನಾಬ್ ಕ್ರೀಕ್ ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅಮೆರಿಕದ ಜಿಮ್ ಬೀಮ್ ವಿಸ್ಕಿ ಕಂಪನಿಗೆ ಹೆಸರು ಕೊಟ್ಟ ಜಿಮ್ ಬೀಮ್ ಅವರ ಮೊಮ್ಮಗ ಬೂಕರ್ ನೋ 1992ರಲ್ಲಿ ಆ ಕಂಪನಿಯಿಂದ ಹೊರತಂದ ಸ್ಮಾಲ್ ಬ್ಯಾಚ್ ವಿಸ್ಕಿಗಳಲ್ಲಿ ಇದೂ ಒಂದು. ಅಬ್ರಹಾಂ ಲಿಂಕನ್ ಬಾಲ್ಯ ಕಳೆದ ಕೆಂಟಕಿಯ ಹೊಳೆಯೊಂದರ ಹೆಸರು ಇದಕ್ಕಿದೆ. ಪ್ರಮಾಣ 100 ಪ್ರೂಫ್, ಅಂದರೆ ಶೇ. 50. ವಯಸ್ಸು 9 ವರ್ಷ. ಲೇಬಲ್ಲಿನ ಈ ಸಂಖ್ಯೆ ಬಾಟಲಿಯೊಳಗಿನ ಅತಿ ಎಳೆಯ ವಿಸ್ಕಿಗೆ ಅನ್ವಯಿಸುವುದರಿಂದ ಅದಕ್ಕೆ ಬೆಲೆಯಿದೆ. 2016ರಲ್ಲಿ ಲೇಬಲ್ಲಿನಿಂದ ಮಾಯವಾದ ಈ ಸಂಖ್ಯೆ 2020ರಲ್ಲಿ ಮರಳಿತು. ನಾನು ಕೊಂಡದ್ದೆಲ್ಲ ಅದರ ನಂತರದ ಬಾಟಲಿಗಳನ್ನು.

ರುಚಿಯ ವಿಷಯ. ಬಿರಡೆ ತೆಗೆದ ದಿನ ಇದು ಯಾರಿಗೂ ಒಲಿಯುವ ವಿಸ್ಕಿಯಲ್ಲ. ಗ್ಲಾಸನ್ನು ಮೂಗಿನ ಹತ್ತಿರ ತಂದರೆ ಸ್ಪಿರಿಟ್ಟಿನ ಘಾಟು ಕಣ್ಣಿಗೇ ತಾಗುತ್ತದೆ. ಗುಟುಕರಿಸಿದರೆ ನಾಲಿಗೆಯ ತುದಿ ಚುರುಗುಟ್ಟಿ, ಅದರ ಹಿಂದಿರುವುದೇನೂ ತಿಳಿಯುವುದಿಲ್ಲ. ಗ್ಲಾಸಿಗೆ ಸುರಿದು ಹದಿನೈದು ನಿಮಿಷ ಸುಮ್ಮನೆ ಬಿಟ್ಟರೆ ಘಾಟು ಇಳಿದು, ಮೊದಲು ಹುರಿದ ಕಡಲೆಕಾಯಿ ಬೀಜದ ವಾಸನೆ ಬರುತ್ತದೆ. ಈ ಭಟ್ಟಿಯ ವಿಸ್ಕಿಗಳ ಪರಿಚಯವಿರುವವರು ಕಣ್ಣು ಮುಚ್ಚಿ ಗುರುತಿಸುವ ವಾಸನೆ ಅದು. ಹಿಂದೆಯೇ ತಳ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ ಇಳಿಸಿದ ಸಕ್ಕರೆ ಪಾಕದ ಘಮ, ವೆನಿಲ್ಲಾ, ಕೊನೆಗೆ ಹೊಸದಾಗಿ ಸೀಳಿದ ಮರ. ಬಾಯಲ್ಲಿ ಸಿಹಿ ಮುಂದಿದ್ದು ದಾಲ್ಚಿನ್ನಿಯ ಖಾರ ನಿಧಾನವಾಗಿ ಮೇಲೇರುತ್ತದೆ. ನುಂಗಿದ ಮೇಲೆ ಉಳಿಯುವುದು ಒಗರು, ಅದೂ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಒಸಡಿಗೆ ಅಂಟಿಕೊಳ್ಳುವ ಒಗರು. ಒಂಬತ್ತು ಬೇಸಿಗೆಗಳನ್ನು ಸುಟ್ಟ ಹೊಸ ಮರದೊಳಗೆ ಕಳೆದದ್ದರ ಗುರುತು ಇದೇ ಎಂದು ನನಗನ್ನಿಸುತ್ತದೆ, ಕೆಲವರಿಗೆ ಇದು ಕಹಿಯಾಗಿ ಕಂಡರೆ ಆಕ್ಷೇಪಿಸಲಾರೆ.

ನೀರು ಬೆರೆಸುವುದು ಅಪಚಾರವೆಂಬ ಭಾವನೆಯನ್ನು ಈ ವಿಸ್ಕಿಯ ಮಟ್ಟಿಗೆ ಬಿಟ್ಟುಬಿಡಬೇಕು. 30 ಮಿ.ಲೀ.ಗೆ ಒಂದು ಟೀ ಚಮಚ, ಅಂದರೆ 5 ಮಿ.ಲೀ. ನೀರು ಹಾಕಿದರೆ ಪ್ರಮಾಣ ಸುಮಾರು ಶೇ. 43ಕ್ಕೆ ಇಳಿಯುತ್ತದೆ, ನನ್ನ ಮಟ್ಟಿಗೆ ಇದರ ಹದ ಇರುವುದು ಅಲ್ಲಿಯೇ. ಎರಡನೆಯ ಚಮಚ ಹಾಕಿದರೆ ಸಿಹಿ ಚದುರಿ ಮರದ ಒಗರೊಂದೇ ಉಳಿಯುತ್ತದೆ.

ಬೆಲೆಯ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಸಣ್ಣ ಪರೀಕ್ಷೆ ಮಾಡಿದೆ. ಇದೇ ಕಂಪನಿಯ ಜಿಮ್ ಬೀಮ್ ವೈಟ್ ಲೇಬಲ್ 4 ವರ್ಷದ್ದು, ಶೇ. 40ರದ್ದು, ಅಮೆರಿಕದಲ್ಲಿ ನಾಬ್ ಕ್ರೀಕಿಗೆ ಹೆಚ್ಚುಕಡಿಮೆ ಅದರ ಎರಡರಷ್ಟು ಬೆಲೆ. ನಾಬ್ ಕ್ರೀಕಿನ 30 ಮಿ.ಲೀ.ಗೆ 7.5 ಮಿ.ಲೀ. ನೀರು ಸೇರಿಸಿ ಅದನ್ನೂ ಶೇ. 40ಕ್ಕೆ ತಂದು, ಯಾವುದು ಯಾವ ಗ್ಲಾಸಿನಲ್ಲಿದೆ ಎಂದು ನನಗೆ ತಿಳಿಯದಂತೆ ಮನೆಯವರಿಂದ ಇಡಿಸಿಕೊಂಡು ಐದು ಸಂಜೆ ಕುಡಿದು ನೋಡಿದೆ. ನಾಲ್ಕು ಸಂಜೆ ಸರಿಯಾಗಿ ಹೇಳಿದೆ, ಒಂದು ಸಂಜೆ ತಪ್ಪಿದೆ (ಅಂದು ನೆಗಡಿಯಿತ್ತು ಎಂಬ ನೆಪ ನನ್ನದು). ವಾಸನೆಯಲ್ಲಿ ಎರಡೂ ಒಡಹುಟ್ಟಿದವರಂತೆಯೇ ಇದ್ದವು. ನನಗೆ ಸುಳಿವು ಕೊಟ್ಟದ್ದು ನುಂಗಿದ ಮೇಲಿನ ಆ ಒಗರು. ನಾಲ್ಕು ವರ್ಷದ್ದರಲ್ಲಿ ಅದು ತಟ್ಟಿ ಮರೆಯಾಗುತ್ತದೆ.

ಲೆಕ್ಕ ಹೀಗೆ. 750 ಮಿ.ಲೀ. ಬಾಟಲಿಯಲ್ಲಿ ಶೇ. 50ರದ್ದಾದರೆ 375 ಮಿ.ಲೀ. ಆಲ್ಕೋಹಾಲ್, ಶೇ. 40ರದ್ದಾದರೆ 300 ಮಾತ್ರ. ಹಾಗಾಗಿ ಕಾಲು ಪಾಲು ಹೆಚ್ಚಿನ ಬೆಲೆಗೆ ಅಲ್ಲಿಯೇ ಸಮಾಧಾನ ಸಿಕ್ಕಿತು. ಉಳಿದದ್ದು ಐದು ಹೆಚ್ಚುವರಿ ವರ್ಷಗಳ ಬೆಲೆ. ಪೀಪಾಯಿಯಿಂದ ವರ್ಷಕ್ಕೆ ಶೇ. 4ರಷ್ಟು ಆವಿಯಾಗುತ್ತದೆ ಎಂದಿಟ್ಟುಕೊಂಡರೂ, ನಾಲ್ಕು ವರ್ಷಕ್ಕೆ ಶೇ. 15ರಷ್ಟು ಹೋದರೆ ಒಂಬತ್ತು ವರ್ಷಕ್ಕೆ ಶೇ. 30 ದಾಟುತ್ತದೆ. ಇದನ್ನೆಲ್ಲ ಕೂಡಿಸಿ ನೋಡಿದಾಗ ಕೇಳಿದ ಬೆಲೆ ನನಗೆ ನ್ಯಾಯವಾಗಿಯೇ ಕಂಡಿತು. ಆದರೆ ಸೋಡಾ ಅಥವಾ ಕೋಲಾ ಬೆರೆಸಿ ಕುಡಿಯುವವರು ಇಷ್ಟು ಹಣ ಕೊಡಬೇಕಾದ ಅಗತ್ಯ ಕಾಣುವುದಿಲ್ಲ, ಏಕೆಂದರೆ ಹಣ ತೆತ್ತ ಆ ಒಗರೇ ಅಲ್ಲಿ ಕಳೆದುಹೋಗುತ್ತದೆ.

ಬಾಟಲಿ ಹಳೆಯದಾಗುವ ರೀತಿಯನ್ನೂ ಹೇಳಬೇಕು. ತೆರೆದ ಮೂರನೆಯ ವಾರದಿಂದ ಎರಡು ಮೂರು ತಿಂಗಳವರೆಗೆ ಇದು ಅತ್ಯುತ್ತಮ. ಘಾಟು ತಗ್ಗಿ ಪಾಕದ ಘಮ ಮುಂದೆ ಬಂದಿರುತ್ತದೆ. ಮೂರನೆಯ ಬಾಟಲಿಯನ್ನು ಕಾಲುಭಾಗ ಉಳಿಸಿ ಎಂಟು ತಿಂಗಳು ಮರೆತಿದ್ದೆ, ತಪ್ಪು ನನ್ನದೇ. ಅದರಲ್ಲಿ ವಾಸನೆ ಮಂಕಾಗಿ ಹಸಿ ಹಲಗೆಯಂಥ ಕಹಿಯಷ್ಟೇ ಉಳಿದಿತ್ತು. ಈಗಿನದನ್ನು ಅರ್ಧವಾದ ದಿನವೇ 375 ಮಿ.ಲೀ.ನ ಶುಭ್ರವಾದ ಸಣ್ಣ ಬಾಟಲಿಗೆ, ಒಳಗೆ ಗಾಳಿಗೆ ಜಾಗ ಉಳಿಯದಂತೆ ಕತ್ತಿನವರೆಗೆ ತುಂಬಿ, ಬೆಳಕು ಬೀಳದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿದ್ದೇನೆ.