ಮೇಯುವ ದನಕ್ಕೆ ಟೈಟಾನಿಯಂ ಡೈಆಕ್ಸೈಡ್ ಗುಳಿಗೆ: ಬಹುಕಾಲ ಬಳಸಿದ ಮೇಲೆ

5ಕ್ಕೆ 4 ಅಂಕ. ಒಂದು ಅಂಕ ಕಳೆದದ್ದು ಗುಳಿಗೆ ನುಂಗಿಸುವ ರಗಳೆಗೆ.

ಬಯಲಲ್ಲಿ ಮೇಯುವ ದನ ಎಷ್ಟು ಮೇವು ತಿಂದಿತೆಂದು ತಿಳಿಯಲು ಅದು ಹಾಕುವ ಸೆಗಣಿ ಅಳೆಯಬೇಕು. ಅದಕ್ಕೆ ಹಿಂಬದಿಗೆ ಚೀಲ ಕಟ್ಟುವ ಪದ್ಧತಿಯಿದೆ. ಆದರೆ ಚೀಲ ತುಂಬಿ ಜೋತುಬಿದ್ದರೆ ದನ ನೆಟ್ಟಗೆ ಮೇಯುವುದಿಲ್ಲ. ಟೈಟಾನಿಯಂ ಡೈಆಕ್ಸೈಡ್ ಎಂಬ ಈ ಬಿಳಿ ಪುಡಿಯಲ್ಲಿ ಆ ತಾಪತ್ರಯವಿಲ್ಲ: ಅದು ಜೀರ್ಣವಾಗದೆ ಸೆಗಣಿಯಲ್ಲೇ ಹೊರಬರುತ್ತದೆ, ಅಲ್ಲಿ ಅದು ಎಷ್ಟು ತೆಳುವಾಗಿದೆ ಎಂಬುದರಿಂದ ಒಟ್ಟು ಸೆಗಣಿಯ ಲೆಕ್ಕ ಸಿಗುತ್ತದೆ. ಇದೇ ಕೆಲಸಕ್ಕೆ ಬಳಸುವ ಕ್ರೋಮಿಕ್ ಆಕ್ಸೈಡಿಗೆ ಹೋಲಿಸಿದರೆ ಕೈಯಾಡಿಸುವವರಿಗೂ ಕ್ಷೇಮ. ಇದರ ಹರಳಿನಲ್ಲಿ ಬೇರೆ ಬೇರೆ ಬಗೆಗಳಿವೆ; ತರಿಸುವಾಗ ಅನಟೇಸ್ ಬಗೆಯದನ್ನೇ ಕೇಳಿ, ರೂಟೈಲ್ ಬಗೆಯದು ಆಮ್ಲದಲ್ಲಿ ಕರಗಲು ಹಟ ಮಾಡುತ್ತದೆ.

ಬೆಳಿಗ್ಗೆ 5 ಗ್ರಾಂ, ಸಂಜೆ 5 ಗ್ರಾಂ, ಜೆಲಾಟಿನ್ ಕ್ಯಾಪ್ಸೂಲಿನಲ್ಲಿ. ಮೊದಲ 7 ದಿನ ಬರೀ ಗುಳಿಗೆ, ಆಮೇಲೆ 5 ದಿನ ಗುಳಿಗೆಯ ಜೊತೆ ಗುದದಿಂದಲೇ ಸೆಗಣಿ ತೆಗೆಯುವುದು. ಹೊತ್ತಿಗೆ ತಕ್ಕಂತೆ ಸೆಗಣಿಯಲ್ಲಿ ಪುಡಿಯ ಪ್ರಮಾಣ ಏರಿಳಿಯುವುದರಿಂದ ದಿನಕ್ಕೊಂದು ಹೊತ್ತು ಬದಲಿಸಿ. 60 ಡಿಗ್ರಿಯಲ್ಲಿ ಒಣಗಿಸಿ, 1 ಮಿ.ಮೀ. ಜರಡಿಗೆ ಬೀಸಿ, ಗಂಧಕಾಮ್ಲದಲ್ಲಿ 420 ಡಿಗ್ರಿಗೆ ಕುದಿಸಿ, ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಹಳದಿ-ಕಿತ್ತಳೆ ಬಣ್ಣ ಬರುತ್ತದೆ. ಆ ಬಣ್ಣದ ಗಾಢತೆಯನ್ನು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ (ಬೆಳಕು ಹೀರುವಿಕೆ ಅಳೆಯುವ ಯಂತ್ರ) 410 ನ್ಯಾನೋಮೀಟರ್ ತರಂಗದಲ್ಲಿ ಓದಬೇಕು.

ಲೆಕ್ಕ ಸರಳ. ದಿನಕ್ಕೆ ಕೊಟ್ಟ ಪುಡಿ 10 ಗ್ರಾಂ, ಅಂದರೆ 10,000 ಮಿ.ಗ್ರಾಂ. ಗ್ರಾಂ ಒಣ ಸೆಗಣಿಯಲ್ಲಿ 5 ಮಿ.ಗ್ರಾಂ ಪುಡಿ ಸಿಕ್ಕರೆ 10,000 ಭಾಗಿಸು 5, ಅಂದರೆ ದಿನಕ್ಕೆ 2 ಕೆ.ಜಿ. ಒಣ ಸೆಗಣಿ. ಮೇವಿನ ಜೀರ್ಣಶೀಲತೆ ಶೇ 55 ಇದ್ದರೆ ಸೆಗಣಿಯಾಗುವುದು ಉಳಿದ ಶೇ 45, ಹಾಗಾಗಿ ತಿಂದದ್ದು ಸುಮಾರು 4.4 ಕೆ.ಜಿ. ಒಣಮೇವು. ಈಗ ದನ 1 ಗ್ರಾಂ ಪುಡಿಯನ್ನು ಉಗುಳಿತೆನ್ನಿ. ಸಾಂದ್ರತೆ 4.5ಕ್ಕೆ ಇಳಿಯುತ್ತದೆ, ಲೆಕ್ಕದಲ್ಲಿ ಸೆಗಣಿ 2.2 ಕೆ.ಜಿ.ಗೆ ಏರುತ್ತದೆ. ಉಗುಳಿದ್ದು ಯಾರ ಕಣ್ಣಿಗೂ ಬೀಳದಿದ್ದರೆ ದನ ಹೊಟ್ಟೆಬಾಕ ಅನ್ನಿಸಿಕೊಳ್ಳುತ್ತದೆ! ಬಾಲಿಂಗ್ ಗನ್ನಿನ (ಗಂಟಲಿಗೆ ಗುಳಿಗೆ ತಳ್ಳುವ ಕೊಳವೆ) ತುದಿ ನಾಲಗೆಯ ಬುಡ ದಾಟಬೇಕು, ಮೂತಿ ತೀರಾ ಮೇಲಕ್ಕೆ ಎತ್ತಬಾರದು, ನುಂಗುವುದು ಕಾಣುವ ತನಕ ಹಗ್ಗ ಬಿಡಬಾರದು. ಕ್ಯಾಪ್ಸೂಲಿನ ಹೊರಮೈ ನೀರಲ್ಲಿ ಚೂರು ಒದ್ದೆ ಮಾಡಿದರೆ ಸಲೀಸಾಗಿ ಜಾರುತ್ತದೆ. ಜೋಳದ ಹಿಟ್ಟು-ಬೆಲ್ಲದಲ್ಲಿ ಕಲಸಿ ತಿನ್ನಿಸುವವರೂ ಇದ್ದಾರೆ, ಆದರೆ ಬುಟ್ಟಿಗೆ ಮೆತ್ತಿದ ಪುಡಿಯ ಲೆಕ್ಕ ಇಡುವವರು ಯಾರು?

ರಾಯಚೂರು, ಕೊಪ್ಪಳದ ಕಡೆ ಇನ್ನೊಂದು ತೊಡಕು ಮಣ್ಣಿನದು. ಸುಗ್ಗಿ ಮುಗಿದ ಎರೆ ಹೊಲದ ಜೋಳದ ಕೂಳೆ ಮೇಯುವಾಗ ಬಾಯಿಗೆ ಮಣ್ಣೂ ಹೋಗುತ್ತದೆ, ಮಣ್ಣಿನಲ್ಲೇ ಟೈಟಾನಿಯಂ ಇರುತ್ತದೆ. ಗುಳಿಗೆ ಶುರುವಾಗುವ ಮುಂಚೆಯೇ ಪ್ರತಿ ದನದ ಸೆಗಣಿ ತೆಗೆದಿಟ್ಟು, ಅದರಲ್ಲಿ ಬಂದ ಅಂಶವನ್ನು ಕಳೆಯಬೇಕು. ಮಸಾರಿ ಹೊಲಕ್ಕೆ ದನ ಬದಲಾಯಿಸಿದರೆ ಆ ಅಂಶವನ್ನೂ ಹೊಸದಾಗಿ ನೋಡಬೇಕು. ಖರ್ಚಿಲ್ಲವೆಂದು ಪುಡಿಯ ಬದಲು ಮೇವಿನಲ್ಲೇ ಇರುವ, ಆಮ್ಲದಲ್ಲಿ ಕರಗದ ಬೂದಿಯನ್ನು ಮಾರ್ಕರ್ (ಲೆಕ್ಕದ ಗುರುತು) ಮಾಡಿಕೊಳ್ಳುವುದು ಇಲ್ಲಿ ಬೇಡವೇ ಬೇಡ, ತಿಂದ ಮಣ್ಣಿನ ಮರಳೆಲ್ಲ ಅದರಲ್ಲೇ ಕೂಡಿಕೊಳ್ಳುತ್ತದೆ.

ಕ್ಯಾಪ್ಸೂಲ್ ತುಂಬುವಾಗ ಫ್ಯಾನ್ ಆರಿಸಿ, ಮಾಸ್ಕ್ ಹಾಕಿಕೊಳ್ಳಿ. ಪುಡಿ ಬಲು ನುಣುಪು, ಗಾಳಿಗೆ ಹಾರುತ್ತದೆ.